ಕೆರಿಯಮ್ಮ ಎಬ್ಬಿಸಿದ ಗೋಡೆ

ಕೆರಿಯಮ್ಮ ಇಟ್ಟ ಕಲ್ಲನ್ನು ಮೇಸ್ತ್ರಿ ಹುಲಿಯಪ್ಪ ಕಾಲಿನಿಂದ ಒದ್ದ. ಕಲ್ಲು ಬೀಳಲಿಲ್ಲ. ಮತ್ತೆ ಒದ್ದ. ಹಸಿ ಗಾರೆ ಬಿಟ್ಟುಕೊಂಡಿತು. ಜಂಬಿಟ್ಟಿಗೆ ಕಲ್ಲು ಉರುಳಿ ಅವಳ ಪಾದದ ಪಕ್ಕದಲ್ಲಿ ಬಿತ್ತು.

"ಯಾರು ಹೇಳಿದ್ರು ನಿಂಗೆ ಗೋಡೆ ಮುಟ್ಟೋಕೆ?"

ಕೆರಿಯಮ್ಮನ ಕೈಯಲ್ಲಿ ಗಾರೆ ಹಾಸುವ ಅವನ ಕರಣೆ ಇತ್ತು. ಬೆರಳುಗಳಿಗೆ ಸುಣ್ಣದ ಗಾರೆ ಮೆತ್ತಿತ್ತು.

ಮಧ್ಯಾಹ್ನದ ಊಟದ ಹೊತ್ತು ಅದು. ಆಳುಗಳೆಲ್ಲ ಹಲಸಿನ ಮರದ ಬುಡದಲ್ಲಿ ಕೂತು ಗಂಜಿ ಉಣ್ಣುತ್ತಿದ್ದರು. ಮೇಸ್ತ್ರಿ ಬೀಡಿ ತರಲು ಅಂಗಡಿಗೆ ಹೋಗಿದ್ದ. ಕರಣೆ ಹೊಸ ಮನೆಯ ಕೊಟ್ಟಿಗೆಯ ಅರ್ಧ ಕಟ್ಟಿದ ಗೋಡೆಯ ಮೇಲೆಯೇ ಇತ್ತು. ಬಾಂಡ್ಲಿಯಲ್ಲಿ ಮಿಕ್ಕ ಗಾರೆ ಬಿಸಿಲಿಗೆ ಒಣಗುತ್ತಿತ್ತು. ಅದನ್ನು ಹೊತ್ತು ತಂದವಳು ಅವಳೇ. ಕಳೆದ ದೀಪಾವಳಿಯಿಂದ ಅವಳು ಗಾರೆ ಹೊರುತ್ತಿದ್ದಳು, ಕಲ್ಲು ಹೊರುತ್ತಿದ್ದಳು, ನೀರು ಹೊರುತ್ತಿದ್ದಳು. ನೆತ್ತಿಯ ಮೇಲೆ ಸಿಂಬೆ ಕೂರುವ ಜಾಗದಲ್ಲಿ ಕೂದಲು ಉದುರಿ ಹೋಗಿತ್ತು. ಹೊತ್ತದ್ದನ್ನು ಇಳಿಸಿದ ಮೇಲೆ ಮುಂದಿನ ಹೊರೆಗೆ ಹೋಗುವ ಮುನ್ನ ಒಂದು ಗಳಿಗೆ ಅವಳು ನಿಲ್ಲುತ್ತಿದ್ದಳು. ಮೇಸ್ತ್ರಿಯ ಕೈ ನೋಡುತ್ತಿದ್ದಳು. ಅವತ್ತು ಊಟ ಅರ್ಧಕ್ಕೆ ಬಿಟ್ಟು ಎದ್ದಳು. ಕರಣೆ ತೆಗೆದುಕೊಂಡಳು. ಗಾರೆ ಹಾಸಿದಳು. ಒಂದು ಕಲ್ಲು ಇಟ್ಟಳು. ಅದರ ಪಕ್ಕ ಇನ್ನೊಂದು. ಸಾಲು ಮುಗಿಯುವವರೆಗೆ ಅವಳಿಗೆ ಬೇರೆ ಏನೂ ಕಾಣಲಿಲ್ಲ, ಕೇಳಲಿಲ್ಲ.

ಕೆಲಸ ನೋಡಲು ಬಂದಿದ್ದ ಮನೆಯ ಯಜಮಾನಿ ಸರಸ್ವತಮ್ಮ ಗಲಾಟೆಗೆ ಹಿತ್ತಲ ಬಾಗಿಲಿಗೆ ಬಂದರು. ನೋಡಿದರು. ಒಳಗೆ ತಿರುಗಿ ಗಂಡನನ್ನು ಕರೆದರು.

"ಇಲ್ಲಿ ಬನ್ನಿ. ಈ ಹೆಂಗಸು ಗೋಡೆಗೆ ಕಲ್ಲು ಇಡ್ತಾ ಇದಾಳೆ. ನಾವು ಈ ಮನೇಲಿ ಬಾಳಿ ಬದುಕೋದು ಬ್ಯಾಡ್ವಾ?"

ಗಣಪಯ್ಯ ಬಂದರು. ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡರು. ಅವರು ಕೂಗಾಡುವ ಜನ ಅಲ್ಲ. ತಣ್ಣಗೆ ಕೇಳಿದರು.

"ಎಷ್ಟು ಕಲ್ಲು ಇಟ್ಟಿದ್ದಾಳೆ?"

"ಒಂದು ಸಾಲು, ಒಡೇರೆ" ಎಂದ ಮೇಸ್ತ್ರಿ.

"ಅಷ್ಟನ್ನೂ ತೆಗೆಸು. ಅವಳ ಕೈಲೇ ತೆಗೆಸು. ಬೇಲಿಯಾಚೆ ಎಸೆದು ಬರಲಿ. ಆ ಕಲ್ಲು ನಮ್ಮ ಮನೆಗೆ ಬೇಡ. ಆಮೇಲೆ ಗೋಡೆಗೆ ನೀರು ಹಾಕಿ ತೊಳೀರಿ."

ಕೆರಿಯಮ್ಮ ತೆಗೆದಳು. ತಾನು ಇಟ್ಟ ಕಲ್ಲನ್ನು ತಾನೇ ಕಿತ್ತಳು. ಒಂದೊಂದನ್ನೇ ತಲೆಯ ಮೇಲೆ ಹೊತ್ತು ಬೇಲಿ ದಾಟಿ ರಸ್ತೆಯ ಚರಂಡಿಯ ಪಕ್ಕ ಎಸೆದಳು. ಆಳುಗಳು ಊಟ ಬಿಟ್ಟು ನೋಡಿದರು. ಯಾರೋ ನಕ್ಕರು. ಅವಳ ಜೊತೆ ಗಾರೆ ಹೊರುವ ಯಮುನಮ್ಮ ಮಾತ್ರ ಮುಖ ಆಚೆ ತಿರುಗಿಸಿ ಕೂತಿದ್ದಳು. ಕೊನೆಯ ಕಲ್ಲು ಎಸೆದು ಬಂದ ಕೆರಿಯಮ್ಮ ಬಾವಿಯಿಂದ ತಂದ ನೀರನ್ನು ಗೋಡೆಗೆ ಹೊಯ್ದಳು. ಅದನ್ನೂ ಅವಳಿಂದಲೇ ಮಾಡಿಸಿದರು. ಆಮೇಲೆ ಸಿಂಬೆ ತಲೆಗಿಟ್ಟು ಬಾಂಡ್ಲಿ ಎತ್ತಿಕೊಂಡಳು. ಅರ್ಧ ದಿನದ ಕೆಲಸ ಬಾಕಿ ಇತ್ತು.

ಈ ಗಣಪಯ್ಯನವರ ಗದ್ದೆಯನ್ನೇ ಕೆರಿಯಮ್ಮನ ಗಂಡನ ಮನೆಯವರು ಅಜ್ಜನ ಕಾಲದಿಂದ ಗೇಣಿಗೆ ಮಾಡುತ್ತಿದ್ದರು. ಸಾಗರದ ಕಡೆ, ಶರಾವತಿ ಹೊಳೆಯ ದಂಡೆಯಲ್ಲಿ. ಗದ್ದೆಯ ಬದಿಯಲ್ಲಿ ಅವರ ಮನೆ ಇತ್ತು. ಮಾವ ಮಣ್ಣು ತುಳಿದು, ಗೋಡೆ ಹಾಕಿ, ಕಾಡಿನಿಂದ ಕಂಬ ತಂದು ಕಟ್ಟಿದ ಮನೆ. ಅಣೆಕಟ್ಟು ಆಯಿತು. ನೀರು ನಿಂತಿತು. ಗದ್ದೆ ಹೋಯಿತು, ಮನೆ ಹೋಯಿತು, ಊರೇ ಹೋಯಿತು. ಪರಿಹಾರ ಬಂದದ್ದು ಗಣಪಯ್ಯನವರಿಗೆ. ಗದ್ದೆಗೂ ಅವರಿಗೆ, ಆ ಮಣ್ಣಿನ ಮನೆಗೂ ಅವರಿಗೆ, ಅಂಗಳದ ಹಲಸಿನ ಮರಕ್ಕೂ ಅವರಿಗೆ. ಜಾಗ ಅವರ ಹೆಸರಿನಲ್ಲಿತ್ತು. ಒಕ್ಕಲುಗಳನ್ನು ಒಂದು ಲಾರಿಯಲ್ಲಿ ತುಂಬಿ ತಂದು ಹೊಸನಗರದ ಹತ್ತಿರ ರಸ್ತೆಯ ಬದಿಗೆ ಇಳಿಸಿದರು. ಅಲ್ಲಿ ಅವರು ಕೋಲು ನೆಟ್ಟು ಸೋಗೆ ಹೊದಿಸಿಕೊಂಡರು. ಆ ಸೋಗೆಯ ಬಿಡಾರಗಳಿಂದ ಕೂಗಳತೆಯಲ್ಲಿ ಗಣಪಯ್ಯನವರ ಹೊಸ ಕಲ್ಲಿನ ಮನೆ ಏಳತೊಡಗಿತು. ಅದಕ್ಕೆ ಆಳು ಬೇಕಿತ್ತು. ಹಳೇ ಒಕ್ಕಲುಗಳೇ ಸಿಕ್ಕರು.

ಬಿಡಾರದ ಮೊದಲ ಮಳೆಗಾಲದಲ್ಲಿ ಕೆರಿಯಮ್ಮನ ಅತ್ತೆ ದುಗ್ಗಮ್ಮ ಸತ್ತಳು. ಗೋಡೆಯ ಬದಲು ಕಟ್ಟಿದ್ದ ಬಿದಿರಿನ ತಟ್ಟಿ ಗಾಳಿಗೆ ಕಿತ್ತುಹೋಗಿ, ಮಳೆ ನೇರ ಅವಳ ಚಾಪೆಯ ಮೇಲೆ ಹೊಡೆಯುತ್ತಿತ್ತು. ಕೆರಿಯಮ್ಮ ಮತ್ತು ಅವಳ ಗಂಡ ಬೆಳ್ಳಪ್ಪ ಚಾಪೆಯನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದರು. ಒಣಗಿದ ಮೂಲೆ ಒಂದೂ ಇರಲಿಲ್ಲ. ಮುದುಕಿ ಜ್ವರದಲ್ಲಿ ನಡುಗುತ್ತಲೇ ಸತ್ತಳು. ಸಾಯುವ ಮುಂಚೆ, "ಬಾಗ್ಲು ಹಾಕ್ರೇ, ಚಳಿ" ಎನ್ನುತ್ತಿದ್ದಳು. ಹಾಕಲು ಬಾಗಿಲು ಇರಲಿಲ್ಲ. ಅವತ್ತು ಕೆರಿಯಮ್ಮನ ತಲೆಯಲ್ಲಿ ಒಂದೇ ವಿಷಯ ಕೂತಿತು. ಗೋಡೆ. ಕಲ್ಲಿನ ನಾಲ್ಕು ಗೋಡೆ.

ಅದನ್ನು ಕಟ್ಟಿಸಲು ಅವರ ಹತ್ತಿರ ಏನೂ ಇರಲಿಲ್ಲ. ಹಾಗಾದರೆ ಕಟ್ಟಬೇಕು. ಕಟ್ಟುವುದು ಯಾರು?

ಗೋಡೆಗೆ ಕೆಮ್ಮಣ್ಣು ಬಳಿಯುವುದು, ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆಯುವುದು ಅವಳ ಕುಲದ ಹೆಂಗಸರ ಕೆಲಸ. ಅವಳ ಅವ್ವ ಬರೆಯುತ್ತಿದ್ದಳು, ಅತ್ತೆ ಬರೆಯುತ್ತಿದ್ದಳು, ಅವಳೂ ಬರೆದಿದ್ದಳು. ಗೋಡೆ ಎಬ್ಬಿಸುವುದು ಗಂಡಸಿನದು. ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೂ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದಳು.

ಅವತ್ತು ಸಂಜೆ ಅವಳು ಬಿಡಾರಕ್ಕೆ ಬಂದಾಗ ಬೆಳ್ಳಪ್ಪನಿಗೆ ಸುದ್ದಿ ಮುಟ್ಟಿತ್ತು. ಅವನು ಮರದ ದಿಮ್ಮಿ ಲೋಡು ಮಾಡುವ ಕೆಲಸಕ್ಕೆ ಹೋಗುತ್ತಿದ್ದ. ಗದ್ದೆ ಮುಳುಗಿದ ಮೇಲೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲ.

"ಎಂತಕ್ಕೆ ಬೇಕಿತ್ತು ನಿಂಗೆ ಅದು?" ಎಂದ.

"ಕಟ್ಟೋಕೆ ಬರ್ತದಾ ಅಂತ ನೋಡ್ದೆ."

"ಬಂತಾ?"

ಕೆರಿಯಮ್ಮ ಒಲೆಗೆ ಒಣ ಪುರಳೆ ಕಡ್ಡಿ ಒಡ್ಡಿದಳು. ಅವಳಿಗೂ ಅದೇ ಪ್ರಶ್ನೆ. ಮೇಸ್ತ್ರಿ ಸಾಲು ಸೊಟ್ಟ ಇದೆ ಎಂದು ಹೇಳಲಿಲ್ಲ. ನೇರ ಇದೆ ಎಂದೂ ಹೇಳಲಿಲ್ಲ. ಒದ್ದ. ಕಣ್ಣಿಗೆ ನೇರ ಕಂಡಿತ್ತು. ತನ್ನ ಕಣ್ಣನ್ನು ನಂಬುವುದು ಹೇಗೆ?

"ಸೊಟ್ಟ ಇತ್ತೋ ಏನೋ" ಎಂದಳು.

"ಬಿಡು ಅತ್ಲಾಗೆ. ನಮ್ ಕೈಲಿ ಆಗೋದಲ್ಲ ಅದು."

ನಮ್ಮ ಕೈಲಿ ಆಗೋದಲ್ಲ. ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಗೇಣಿ ಜಾಸ್ತಿ ಮಾಡಿದಾಗ ಮಾವ ಅಂದಿದ್ದ. ಲಾರಿ ಹತ್ತಿಸುವಾಗ ಊರೇ ಅಂದಿತ್ತು. ಅವಳೂ ಅಂದಿದ್ದಳು. ಅವತ್ತು ಮಾತ್ರ ಅವಳಿಗೆ ಅದನ್ನು ಒಪ್ಪಿಕೊಳ್ಳಲಾಗಲಿಲ್ಲ.

ಮರುದಿನ ಕೆಲಸ ಮುಗಿಸಿ ಬರುವಾಗ ಚರಂಡಿಯ ಪಕ್ಕ ಬಿದ್ದಿದ್ದ ಒಂದು ಕಲ್ಲನ್ನು ತಲೆಗೆ ಎತ್ತಿಕೊಂಡಳು. ಮೇಸ್ತ್ರಿ ನೋಡಿದ.

"ಅದು ಒಡೇರ ಕಲ್ಲು."

"ಬೇಡ ಅಂತ ಎಸೆಸಿದ್ರಲ್ಲ."

ಅವಳು ನಡೆದಳು.

ಎಸೆದ ಕಲ್ಲುಗಳೆಲ್ಲ ಬಿಡಾರದ ಹತ್ತಿರ ಬಂದವು. ಅವು ಸಾಲದೆ ಹೋದಾಗ ಕಲ್ಲು ಕಡಿಯುವ ಗುಂಡಿಯ ಕಡೆ ಹೋದಳು. ಕಡಿಯುವಾಗ ಮೂಲೆ ಮುರಿದ ಕಲ್ಲು, ತುಂಡಾದ ಕಲ್ಲು ಅಲ್ಲಿ ರಾಶಿ ಬಿದ್ದಿತ್ತು. ಕೇಳುವವರಿರಲಿಲ್ಲ. ದಿನವಿಡೀ ಕಲ್ಲು ಹೊತ್ತ ತಲೆಯ ಮೇಲೆ ಸಂಜೆ ಮತ್ತೆ ಕಲ್ಲು. ಕತ್ತು ಊದಿಕೊಂಡಿತು. ಮಲಗುವಾಗ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕೆಳಗೆ ಇಡಬೇಕಾಗುತ್ತಿತ್ತು. ಯಮುನಮ್ಮ ಬೈದಳು. ಬೈದು ತಾನೂ ಒಂದು ಕಲ್ಲು ತಂದು ಇಳಿಸಿದಳು.

"ಎಂತ ಮಾಡ್ತೀಯೆ ಮಾರಾಯ್ತಿ ಇಷ್ಟು ಕಲ್ಲು?"

"ಗೋಡೆ."

"ಹುಚ್ಚು ನಿಂಗೆ" ಎಂದಳು ಯಮುನಮ್ಮ. ಆದರೂ ಕೂತು ನೋಡಿದಳು.

ಸುಣ್ಣ ಇರಲಿಲ್ಲ. ಕೆಮ್ಮಣ್ಣನ್ನು ನೀರು ಹಾಕಿ ತುಳಿದು ಕಲಸಿದಳು. ಕರಣೆ ಇರಲಿಲ್ಲ. ಕೈಯಲ್ಲೇ ಹಾಸಿದಳು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದಷ್ಟು, ಸಂಜೆ ಬೆಳಕು ಇರುವವರೆಗೆ ಒಂದಷ್ಟು. ಬಿಡಾರದ ಗಾಳಿ ಹೊಡೆಯುವ ಕಡೆಗೆ ಗೋಡೆ ಏಳತೊಡಗಿತು. ಮೊಣಕಾಲು ದಾಟಿತು. ಸೊಂಟ ದಾಟಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. "ಗಂಡ ಎಂತ, ಬಳೆ ತೊಟ್ಕಂಡಿದ್ದಾನಾ?" ಎಂದು ಒಬ್ಬ ಕೇಳಿದ. ಬೆಳ್ಳಪ್ಪ ಕೇಳಿಸಿಕೊಂಡು ಒಳಗೆ ಹೋದ. ಕೆರಿಯಮ್ಮ ಕಲ್ಲು ಇಡುವುದನ್ನು ನಿಲ್ಲಿಸಲಿಲ್ಲ. ಗೋಡೆ ಎದೆಮಟ್ಟಕ್ಕೆ ಬಂದ ದಿನ ಅದಕ್ಕೆ ಬೆನ್ನು ಒರಗಿಸಿ ಕೂತು ಗಂಜಿ ಉಂಡಳು. ಹಾಗೆ ಒರಗಿ ಕೂರಲು ಒಂದು ಗೋಡೆ ಇಲ್ಲದೆ ವರ್ಷವಾಗಿತ್ತು.

ಯುಗಾದಿ ಕಳೆದ ಮೇಲೆ ಒಂದು ಸಂಜೆ ದೊಡ್ಡ ಮಳೆ ಬಂತು. ಗುಡುಗು, ಆಲಿಕಲ್ಲು. ಅವಳೂ ಬೆಳ್ಳಪ್ಪನೂ ಒಳಗೆ ಮುದುಡಿ ಕೂತಿದ್ದರು. ಹೊರಗೆ ಏನೋ ಕುಸಿದ ಶಬ್ದವಾಯಿತು. ಅವಳು ಎದ್ದು ನೋಡಲಿಲ್ಲ. ಗೊತ್ತಾಗಿತ್ತು.

ಬೆಳಗ್ಗೆ ಗೋಡೆ ನೆಲದ ಮೇಲೆ ಮಲಗಿತ್ತು. ಮಣ್ಣು ಕರಗಿ ಕೆಂಪು ನೀರು ರಸ್ತೆಯವರೆಗೆ ಹರಿದಿತ್ತು. ಕೆಲಸಕ್ಕೆ ಹೋಗುವವರೆಲ್ಲ ಅದನ್ನು ದಾಟಿಯೇ ಹೋಗಬೇಕಿತ್ತು. ಮೇಸ್ತ್ರಿ ಹುಲಿಯಪ್ಪ ಸೈಕಲ್ ನಿಲ್ಲಿಸಿ ನೋಡಿದ. ನಕ್ಕ.

"ಗಾರೆ ಹೊತ್ತವರೆಲ್ಲ ಮೇಸ್ತ್ರಿ ಆಗಿದ್ರೆ ನಾವೆಲ್ಲ ಎಲ್ಲಿಗೆ ಹೋಗ್ಬೇಕು?"

ಕೆರಿಯಮ್ಮ ತಲೆ ತಗ್ಗಿಸಿದಳು. ಈ ಸಲ ಯಾರೂ ಒದ್ದಿರಲಿಲ್ಲ. ತಾನಾಗಿಯೇ ಬಿದ್ದಿತ್ತು. ಅವರು ಹೇಳಿದ್ದೇ ನಿಜ ಎಂದುಕೊಂಡಳು. ಆ ದಿನ, ಮರುದಿನ, ಅದರ ಮರುದಿನ, ಅವಳು ಬಾಂಡ್ಲಿ ಹೊತ್ತಳು, ಇಳಿಸಿದಳು, ತಿರುಗಿ ಹೋದಳು. ಮೇಸ್ತ್ರಿಯ ಕೈ ನೋಡಲು ನಿಲ್ಲಲಿಲ್ಲ. ಬಿದ್ದ ಕಲ್ಲುಗಳನ್ನು ಸುತ್ತಿಕೊಂಡು ಬಿಡಾರದೊಳಗೆ ಹೋಗುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ಸಿಡುಕುತ್ತಿದ್ದಳು. ಒಂದು ದಿನ ಮಡಕೆ ಎತ್ತಿ ನೆಲಕ್ಕೆ ಕುಕ್ಕಿದಳು.

ವಾರದ ರಜೆಯ ದಿನ ಬಿಡಾರದ ಮುಂದಿನ ಕಲ್ಲನ್ನಾದರೂ ಬದಿಗೆ ಸರಿಸೋಣ ಎಂದು ಹೋದಳು. ದಾರಿಗೆ ಅಡ್ಡ ಇತ್ತು. ಒಂದು ಕಲ್ಲು ಎತ್ತಿದಳು, ಇಟ್ಟಳು. ಇನ್ನೊಂದು ಎತ್ತಿದಳು. ನಿಂತಳು.

ಗೋಡೆ ಪೂರ್ತಿ ಬಿದ್ದಿರಲಿಲ್ಲ. ಒಂದು ಮೂಲೆ ಮೊಣಕಾಲೆತ್ತರಕ್ಕೆ ನಿಂತೇ ಇತ್ತು. ಅಲ್ಲಿ ಮೇಲಿನ ಕಲ್ಲು ಕೆಳಗಿನ ಎರಡು ಕಲ್ಲಿನ ಸಂದನ್ನು ಮುಚ್ಚಿ ಕೂತಿತ್ತು. ಬಿದ್ದ ಕಡೆಯಲ್ಲಿ ಅವಳು ತುಂಡು ಕಲ್ಲುಗಳನ್ನು ಒಂದರ ಮೇಲೊಂದು ನೇರ ಪೇರಿಸಿದ್ದಳು. ಸಂದಿನ ಮೇಲೆ ಸಂದು ಬಂದಿತ್ತು. ಅಲ್ಲೇ ಸೀಳಿತ್ತು. ಅಡಿಪಾಯವನ್ನೂ ಕೆಳಗೆ ತೋಡಿರಲಿಲ್ಲ. ಅವಸರ ಮಾಡಿದ್ದಳು. ನೀರು ಬುಡಕ್ಕೆ ಹೊಕ್ಕಿತ್ತು.

ಅವಳು ಆ ನಿಂತ ಮೂಲೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಕೈ ಇಟ್ಟು ದೂಡಿದಳು. ಅಲುಗಲಿಲ್ಲ. ಹೆಗಲು ಕೊಟ್ಟು ದೂಡಿದಳು. ಅಲುಗಲಿಲ್ಲ. ಇದನ್ನು ಕಟ್ಟಿದ್ದು ಯಾರು? ಬಿದ್ದದ್ದನ್ನು ಕಟ್ಟಿದವಳೇ. ಎರಡೂ ಇದೇ ಕೈ. ಅವಳಿಗೆ ಅಳು ಬಂತು. ಅತ್ತೆ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಅತ್ತು, ಮೂಗು ಒರೆಸಿಕೊಂಡು, ಎದ್ದು ಗುದ್ದಲಿ ತಂದಳು. ಅಡಿಪಾಯ ತೋಡತೊಡಗಿದಳು.

ಬೆಳ್ಳಪ್ಪ ಬಿಡಾರದ ಮುಂದೆ ನಿಂತು ನೋಡಿದ. ಒಳಗೆ ಹೋದ. ಸೂರಿಗೆ ಸಿಕ್ಕಿಸಿದ್ದ ನೇಗಿಲ ಗುಳವನ್ನು ಇಳಿಸಿದ. ಊರು ಮುಳುಗುವಾಗ ಅವನು ಹೊತ್ತು ತಂದ ಒಂದೇ ಕಬ್ಬಿಣ ಅದು. ಗದ್ದೆ ಇಲ್ಲದ ಮೇಲೆ ಅದಕ್ಕೆ ಕೆಲಸ ಇರಲಿಲ್ಲ. ಆದರೂ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಎಲ್ಲಿಗೋ ಹೋದ. ಸಂಜೆಗೆ ಬಂದು ಅವಳ ಮುಂದೆ ಇಟ್ಟ. ಕುಲುಮೆಯಲ್ಲಿ ಕಾಯಿಸಿ ಬಡಿಸಿದ ಕರಣೆ. ಮರದ ಹಿಡಿ.

"ಕೈ ಕೊಯ್ಕೊಬೇಡ. ಅಂಚು ಹರಿತ ಇದೆ" ಎಂದ.

ಕೆರಿಯಮ್ಮ ಅವನ ಮುಖ ನೋಡಿದಳು. ಅವನು ಗುದ್ದಲಿ ತೆಗೆದುಕೊಂಡು ಅಡಿಪಾಯದ ಗುಂಡಿಗೆ ಇಳಿದ.

ಮೇ ತಿಂಗಳು ಮುಗಿಯುತ್ತ ಬಂತು. ಗಣಪಯ್ಯನವರ ಮನೆಯ ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು. ಮಳೆ ಹಿಡಿಯುವ ಮುಂಚೆ ಆಗಬೇಕು. ಅಷ್ಟರಲ್ಲಿ ಹುಲಿಯಪ್ಪನ ಕೈಕೆಳಗಿನ ಗಾರೆ ಕೆಲಸದವರು ಬಿತ್ತನೆಗೆಂದು ತೀರ್ಥಹಳ್ಳಿ, ಕೋಣಂದೂರು ಕಡೆಯ ತಮ್ಮ ಊರುಗಳಿಗೆ ಹೊರಟರು. ಬಚ್ಚಲಿನ ಗೋಡೆ, ಅದರ ಪಕ್ಕದ ಸೌದೆ ಕೊಟ್ಟಿಗೆಯ ಗೋಡೆ ಬಾಕಿ. ಹುಲಿಯಪ್ಪ ಒಬ್ಬನೇ. ಒಂದು ಬೆಳಗ್ಗೆ ಅವನು ಕೆರಿಯಮ್ಮನನ್ನು ಬದಿಗೆ ಕರೆದ.

"ಕೆರಿ, ಆ ಸೌದೆ ಕೊಟ್ಟಿಗೆ ಗೋಡೆ ನೀನು ಎಬ್ಬಿಸು."

"ನಾನಾ?"

"ಹೂಂ. ಅವತ್ತು ನೀನು ಇಟ್ಟ ಸಾಲು ಸರಿಯಾಗೇ ಇತ್ತು. ನಾನು ನೋಡಿದ್ದೆ."

ಕೆರಿಯಮ್ಮನ ತಲೆಯ ಮೇಲೆ ತುಂಬಿದ ಬಾಂಡ್ಲಿ ಇತ್ತು. ಅದನ್ನು ಇಳಿಸುವುದನ್ನೂ ಮರೆತಳು.

"ಸರಿ ಇತ್ತಾ?"

"ಇತ್ತು."

"ಹಂಗಾರೆ ಒದ್ದಿದ್ದು ಎಂತಕ್ಕೆ?"

ಹುಲಿಯಪ್ಪ ಬೀಡಿಯ ತುದಿ ನೋಡಿದ. "ಸೊಟ್ಟ ಇದ್ದಿದ್ರೆ ನಗಾಡಿ ಸುಮ್ನಾಗ್ತಿದ್ದೆ. ಸರಿ ಇತ್ತು ಅಂತ್ಲೇ ಒದ್ದೆ. ನಂಗೂ ಹೊಟ್ಟೆ ಇಲ್ವಾ? ನಿಮ್ಮಂಥೋರೆಲ್ಲ ಕಲ್ಲು ಇಡೋಕೆ ಶುರು ಮಾಡಿದ್ರೆ ನಮ್ಮನ್ನ ಯಾರು ಕರೀತಾರೆ?"

ಅವಳು ಬಾಂಡ್ಲಿ ಇಳಿಸಿದಳು. ಎಷ್ಟು ದಿನ ಕಣ್ಣು ಮುಚ್ಚಿದರೂ ಆ ಸಾಲು ಅವಳ ಮುಂದೆ ಬಂದು ನಿಲ್ಲುತ್ತಿತ್ತು. ನೇರವೋ ಸೊಟ್ಟವೋ, ನೇರವೋ ಸೊಟ್ಟವೋ. ಇವನಿಗೆ ಅವತ್ತೇ ಗೊತ್ತಿತ್ತು.

"ತಟ್ಟಿ ಅಡ್ಡ ಕಟ್ಟಿಸ್ತೀನಿ" ಎಂದ ಹುಲಿಯಪ್ಪ ತಗ್ಗಿದ ದನಿಯಲ್ಲಿ. "ಹೊರಗೆ ಕಾಣಲ್ಲ. ನಾನು ಕಟ್ಟಿದ್ದು ಅಂತ ಒಡೇರಿಗೆ ಹೇಳ್ತೀನಿ. ನೀನೂ ಯಾರ ಹತ್ರನೂ ಬಾಯಿ ಬಿಡಬೇಡ. ಕೂಲಿ ಮಾಮೂಲಿದು."

"ಕಟ್ತೀನಿ" ಎಂದಳು ಕೆರಿಯಮ್ಮ. "ತಟ್ಟಿ ಬೇಡ. ಎಲ್ಲರ ಎದುರಿಗೆ ಕಟ್ತೀನಿ. ಗಂಡಾಳಿನ ಕೂಲಿ ಕೊಡ್ಬೇಕು. ಕೆರಿಯಮ್ಮ ಕಟ್ಟಿದ್ದು ಅಂತ ನೀನೇ ಹೇಳ್ಬೇಕು."

"ತಲೆ ಕೆಟ್ಟಿದ್ಯಾ ನಿಂಗೆ?"

ದನಿ ಏರಿತು. ಆಳುಗಳು ತಿರುಗಿದರು. ಗಣಪಯ್ಯ ಜಗಲಿಯಿಂದ ಇಳಿದು ಬಂದರು. ಮೇಸ್ತ್ರಿ ತೊದಲುತ್ತ ವಿಷಯ ಹೇಳಿದ. ಗಣಪಯ್ಯ ಆಕಾಶ ನೋಡಿದರು. ಮೋಡ ಕಟ್ಟುತ್ತಿತ್ತು. ಗೃಹಪ್ರವೇಶದ ದಿನವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದಂತೆ ಕಂಡಿತು.

"ಸೌದೆ ಇಡುವ ಜಾಗ ತಾನೇ. ಕಟ್ಟಲಿ ಬಿಡು. ತಟ್ಟಿ ಇರಲಿ. ಮನೆಯವಳಿಗೆ ಗೊತ್ತಾಗೋದು ಬೇಡ."

"ತಟ್ಟಿ ಹಿಂದೆ ಕಟ್ಟಲ್ಲ, ಒಡೇರೆ."

ಗಣಪಯ್ಯ ಅವಳತ್ತ ಮೊದಲ ಸಲ ನೇರ ನೋಡಿದರು. "ಕೂಲಿಗೆ ಬಂದವಳಿಗೆ ಇಷ್ಟು ಮಾತು ಎಂತಕ್ಕೆ?"

"ಹೊಳೆಬದಿ ಮನೆ ಯಾರು ಕಟ್ಟಿದ್ದು ಒಡೇರೆ?"

"ಯಾವ ಮನೆ?"

"ನಾವಿದ್ದಿದ್ದು. ಮುಳುಗ್ತಲ್ಲ. ಅದು."

"ಜಾಗ ನಂದು."

"ಜಾಗ ನಿಮ್ದು. ಗೋಡೆ ನಮ್ಮ ಮಾವಂದು. ಮಣ್ಣು ತುಳಿದಿದ್ದು ನಮ್ಮತ್ತೆ. ಆ ಗೋಡೆಗೂ ಪರಿಹಾರ ನೀವೇ ತಗಂಡ್ರಿ. ನಮ್ಮತ್ತೆ ತಟ್ಟಿ ಇಲ್ಲದ ಬಿಡಾರದಲ್ಲಿ ನೆಂದು ಸತ್ಲು. ಆಗ ನಿಮ್ಗೆ ಗೊತ್ತಾಯ್ತಾ? ಇಲ್ಲ. ಈಗ ನಾನು ಕಟ್ಟಿದ ಗೋಡೆನೂ ಮೇಸ್ತ್ರಿ ಹೆಸರಿಗೆ. ನಮ್ದು ಅಂತ ಒಂದಾದ್ರೂ ಇರೋದು ಬೇಡ್ವಾ?"

ಸರಸ್ವತಮ್ಮ ಬಾಗಿಲಿಗೆ ಬಂದು ನಿಂತಿದ್ದರು.

"ಇವತ್ತಿನಿಂದ ಕೆಲಸಕ್ಕೆ ಬರೋದು ಬೇಡ" ಎಂದರು ಗಣಪಯ್ಯ.

ಕೆರಿಯಮ್ಮ ಸಿಂಬೆಯನ್ನು ತಲೆಯಿಂದ ತೆಗೆದಳು. ಬಟ್ಟೆ ಬಿಚ್ಚಿ ಕೊಡವಿದಳು. ಮುಖದ ಬೆವರು ಒರೆಸಿಕೊಂಡಳು. ಬೇಲಿಯ ದಾರಿಗೆ ಇಟ್ಟ ತಡಮೆ ದಾಟಿದಳು. ಹಿಂದಿನಿಂದ ಯಾರಾದರೂ ಬರುತ್ತಾರೆ ಎಂದು ಕಿವಿ ಕೊಟ್ಟಳು. ಯಾರೂ ಬರಲಿಲ್ಲ. ಯಮುನಮ್ಮ ಬಾಂಡ್ಲಿ ಹಿಡಿದು ನಿಂತೇ ಇದ್ದಳು. ಅವಳ ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು.

ಅವತ್ತಿನಿಂದ ಕೆರಿಯಮ್ಮನಿಗೆ ಹಗಲೆಲ್ಲ ಬಿಡುವು. ಅಕ್ಕಿ ಕಡಿಮೆಯಾಯಿತು. ಕೆಸುವಿನ ಸೊಪ್ಪು, ಹಲಸಿನ ಬೀಜ ಬೇಯಿಸಿದರು. ಗೋಡೆ ಏರಿತು. ಈ ಸಲ ಅವಸರ ಮಾಡಲಿಲ್ಲ. ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟು ನೋಡಿದಳು. ತಪ್ಪಿದರೆ ತಾನೇ ಕಿತ್ತಳು, ತಾನೇ ಮತ್ತೆ ಇಟ್ಟಳು. ಕಿತ್ತಾಗ ನಾಚಿಕೆಯಾಗಲಿಲ್ಲ. ಯಮುನಮ್ಮ ಸಂಜೆಯ ಹೊತ್ತು ಬಂದು ಮಣ್ಣು ತುಳಿಯುತ್ತಿದ್ದಳು. ಮೂರು ಕಡೆಯ ಗೋಡೆಗಳು ಮುಗಿದವು. ನಾಲ್ಕನೆಯದರಲ್ಲಿ ಬಾಗಿಲಿಗೆ ಜಾಗ ಬಿಟ್ಟಳು. ಮೇಲೆ ಬೆಳ್ಳಪ್ಪ ಬಿದಿರು ಕಟ್ಟಿ ಸೋಗೆ ಹೊದಿಸಿದ.

ಸೋಗೆಯ ಬಿಡಾರ ಇದ್ದಷ್ಟು ದಿನ ಯಾರೂ ಬಂದು ಕೇಳಿರಲಿಲ್ಲ. ಕಲ್ಲಿನ ಗೋಡೆ ಎದ್ದ ಮೇಲೆ ಅದು ಸರ್ಕಾರದ ಕಾಡಿನ ಜಾಗ ಎಂದು ಎಲ್ಲರಿಗೂ ನೆನಪಾಯಿತು. ಯಾರು ಹೇಳಿದರೋ. ಒಂದು ಬೆಳಗ್ಗೆ ಫಾರೆಸ್ಟ್ ಗಾರ್ಡ್ ವಾಸಪ್ಪ ಬಂದ. ಜೊತೆಗೆ ಹಾರೆ, ಗುದ್ದಲಿ ಹಿಡಿದ ಇಬ್ಬರು ಆಳುಗಳು.

ಕೆರಿಯಮ್ಮ ಬಾಗಿಲಿನ ಮೇಲಿನ ಸಾಲನ್ನು ಮುಗಿಸುತ್ತಿದ್ದಳು. ಬಿದಿರಿನ ಅಟ್ಟಣಿಗೆಯ ಮೇಲೆ ಇದ್ದಳು. ಕೆಳಗೆ ಬೆಳ್ಳಪ್ಪ ಮಣ್ಣು ಕಲಸುತ್ತಿದ್ದ.

"ಯಾರು ಕಟ್ಟಿದ್ದು ಇದು?" ಗಾರ್ಡ್ ಕೇಳಿದ.

ಅಕ್ಕಪಕ್ಕದ ಬಿಡಾರದವರು ಹೊರಬಂದು ನಿಂತರು. ಬೆಳ್ಳಪ್ಪ ಕೈ ತೊಳೆದುಕೊಂಡು ಮುಂದೆ ಬಂದ. ಸೊಂಟ ಬಗ್ಗಿಸಿದ.

"ನಾನೇ ಸ್ವಾಮಿ. ತಪ್ಪಾಯ್ತು."

"ಹೆಸರು ಹೇಳು. ನಡಿ ಆಫೀಸಿಗೆ."

ಕೆರಿಯಮ್ಮ ಅಟ್ಟಣಿಗೆಯಿಂದ ಇಳಿದಳು. ಕರಣೆ ಕೈಯಲ್ಲೇ ಇತ್ತು.

"ಅವರಲ್ಲ. ಅವರಿಗೆ ಕಲ್ಲು ಇಡೋಕೆ ಬರಲ್ಲ. ಕಟ್ಟಿದ್ದು ನಾನು."

"ಸುಮ್ನಿರೆ" ಎಂದ ಬೆಳ್ಳಪ್ಪ ಮೆಲ್ಲಗೆ.

"ಎಂತಕ್ಕೆ ಸುಮ್ನಿರ್ಲಿ? ನಾನು ಕಟ್ಟಿದ್ದು."

ವಾಸಪ್ಪ ನಕ್ಕ. ಅವನ ಆಳುಗಳೂ ನಕ್ಕರು. "ಗಂಡನ್ನ ಉಳಿಸ್ಕೊಳ್ಳೋಕೆ ನಾಟಕ ಮಾಡ್ತೀಯಾ? ಹೆಂಗ್ಸು ಗೋಡೆ ಕಟ್ಟೋದು ಎಲ್ಲಾದ್ರೂ ಇದ್ಯಾ?"

"ಇದೆ. ಇದೇ. ನಿಮ್ಮೆದುರಿಗೆ ಇದೆ. ಕಣ್ಣಿದ್ರೆ ನೋಡಿ. ಕರ್ಕೊಂಡು ಹೋಗೋದಾದ್ರೆ ನನ್ನ ಕರ್ಕೊಂಡು ಹೋಗಿ."

"ಇದನ್ನ ಒಡೀಬೇಕು. ಆರ್ಡರ್ ಇದೆ."

"ಒಡೀರಿ."

ಅವಳು ಆ ಮಾತನ್ನು ಸಹಜವಾಗಿ ಹೇಳಿದಳು. ಗಾರ್ಡ್ ಅಳು, ಕಾಲಿಗೆ ಬೀಳುವುದು, ಶಾಪ, ಇವಕ್ಕೆಲ್ಲ ಸಿದ್ಧನಾಗಿ ಬಂದಿದ್ದ.

"ಒಡೀರಿ" ಎಂದಳು ಮತ್ತೆ. "ಅಣೆಕಟ್ಟು ಕಟ್ಟಿ ಊರೇ ಮುಳುಗ್ಸಿದ್ರಿ. ಇದೊಂದು ಗೋಡೆ ಯಾವ ಲೆಕ್ಕ? ನೀವು ಇವತ್ತು ಒಡದ್ರೆ ನಾನು ನಾಳೆ ಕಟ್ತೀನಿ. ನಂಗೆ ಕಟ್ಟೋದು ಬರ್ತದೆ. ಅದನ್ನ ಹೆಂಗೆ ಒಡೀತೀರಿ?"

ಗಾರ್ಡ್ ಆಳುಗಳಿಗೆ ಸನ್ನೆ ಮಾಡಿದ. ಅವರು ಮುಂದಿನ ಗೋಡೆಗೆ ಹಾರೆ ಹಾಕಿದರು. ಕಲ್ಲು ಸುಲಭವಾಗಿ ಬಿಡಲಿಲ್ಲ. ಒಬ್ಬ ಬೆವರು ಒರೆಸಿಕೊಂಡು, "ಗಟ್ಟಿ ಇದೆ ಸ್ವಾಮಿ" ಎಂದ. ಅದನ್ನು ಕೇಳಿ ಕೆರಿಯಮ್ಮನ ಮುಖದಲ್ಲಿ ಏನೋ ಅರಳಿತು. ಗೋಡೆ ಒಡೆಯುವವನ ಬಾಯಿಂದ ಆ ಮಾತು ಬಂದಿತ್ತು. ಅವರು ಬಾಗಿಲಿನ ಮೇಲಿನ ಸಾಲು ಬೀಳಿಸಿದರು. ಅದರ ಕೆಳಗಿನದನ್ನು ಬೀಳಿಸಿದರು. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಮಿಕ್ಕಿದ್ದನ್ನು ನೀವೇ ಕಿತ್ತು ಹಾಕಬೇಕು ಎಂದು ಹೇಳಿ, ಗಾರ್ಡ್ ಅವಳನ್ನು ನಡೆಸಿಕೊಂಡು ಹೋದ.

ರೇಂಜ್ ಆಫೀಸಿನ ಜಗಲಿಯ ಕೆಳಗೆ, ಸೂರಿನ ನೀರು ಬೀಳುವಲ್ಲಿ ಅವಳನ್ನು ಸಂಜೆಯವರೆಗೆ ನಿಲ್ಲಿಸಿದರು. ಒಳಗಿನ ಅಧಿಕಾರಿಯೂ ನಂಬಲಿಲ್ಲ. ಗಂಡನ ಹೆಸರು ಹೇಳು ಎಂದು ಮತ್ತೆ ಮತ್ತೆ ಕೇಳಿದರು. ಅವಳು ತನ್ನ ಹೆಸರನ್ನೇ ಹೇಳಿದಳು. ಬೈದರು. ಹೊಡೆಯಲು ಕೈ ಎತ್ತಿದರು. ಅವಳು ತನ್ನ ಹೆಸರನ್ನೇ ಹೇಳಿದಳು. ಕೊನೆಗೆ ಬೇಸತ್ತು, ಅವಳ ಹೆಸರನ್ನೇ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿ ಕಳಿಸಿದರು.

ಅವಳು ತಿರುಗಿ ಬಂದಾಗ ಇನ್ನೂ ಬೆಳಕಿತ್ತು. ಬಿದ್ದ ಕಲ್ಲುಗಳನ್ನು ಯಾರೋ ಒಂದು ಕಡೆ ಸಾಲಾಗಿ ಜೋಡಿಸಿದ್ದರು. ಯಮುನಮ್ಮ ಅದರ ಪಕ್ಕ ನಿಂತಿದ್ದಳು. ಅವತ್ತು ಅವಳು ಗಣಪಯ್ಯನವರ ಮನೆಯ ಕೆಲಸಕ್ಕೆ ಹೋಗಿರಲಿಲ್ಲ.

"ಹೊಡೆದ್ರಾ?" ಎಂದು ಕೇಳಿದಳು.

"ಇಲ್ಲ."

"ನಮ್ ಬಿಡಾರಕ್ಕೂ ಒಂದು ಗೋಡೆ ಬೇಕು ಕೆರಿಯಕ್ಕ. ಮಕ್ಕಳು ಕೆಮ್ತಾವೆ. ನೀನು ಕಟ್ಕೊಡ್ತೀಯಾ?"

"ಇಲ್ಲ. ಹೇಳ್ಕೊಡ್ತೀನಿ. ನೀನೇ ಕಟ್ಟು."

"ನನ್ ಕೈಲಿ ಆಗ್ತದಾ?"

ಕೆರಿಯಮ್ಮ ಅವಳ ಕೈ ಹಿಡಿದು ತಿರುಗಿಸಿ ನೋಡಿದಳು. ಸುಣ್ಣಕ್ಕೆ ಬಿರಿದ ಅಂಗೈ. ತನ್ನದೂ ಹಾಗೇ ಇತ್ತು.

"ಒಂದು ಸಲ ಬೀಳ್ತದೆ" ಎಂದಳು. "ಬೀಳ್ಲಿ."

ಮಳೆ ಜೋರಾಗುವ ಮುಂಚೆ ಬಾಗಿಲಿನ ಮೇಲಿನ ಸಾಲು ಆಗಬೇಕಿತ್ತು. ಅವಳು ಒದ್ದೆ ಸೀರೆಯಲ್ಲೇ ಅಟ್ಟಣಿಗೆ ಹತ್ತಿದಳು. ಬೆಳ್ಳಪ್ಪ ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ. ತೀರ್ಥಹಳ್ಳಿಯ ಕಡೆ ಹೋಗುವ ಬಸ್ಸು ರಸ್ತೆಯಲ್ಲಿ ಬಂತು. ಕಿಟಕಿಗಳಿಂದ ತಲೆಗಳು ಹೊರಬಂದವು. ಯಾರೋ ಏನೋ ಕೂಗಿದರು. ಬೆಳ್ಳಪ್ಪ ಬುಟ್ಟಿ ಹೊತ್ತುಕೊಂಡೇ ಆ ಕಡೆ ತಿರುಗಿ ನೋಡಿದ.

"ಅಲ್ಲೆಂತ ನೋಡ್ತೀರಿ?" ಎಂದಳು ಕೆರಿಯಮ್ಮ ಮೇಲಿನಿಂದ. "ಮಣ್ಣು ತನ್ನಿ."

ಅವನು ತಂದ.